ಎರಡು ಬೆಳ್ಳಿಯ ಉಡದಾರ

೪ ಜನವರಿ ೧೯೭೧

ಕೂಡಿದ ಮಹಾಜನರೇ! ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಹಲಗೆಯ ಪಡ್ಡೆಗಳೇ, ಸೆರಗು ಮರೆ ಮಾಡಿ ಕೂತ ತಾಯಂದಿರೇ! ಬೀಡಿ ಆರಿಸಿರಿ, ಅಳುವ ಕೂಸಿನ ಬಾಯಿಗೆ ಬೆಲ್ಲ ಇಡಿರಿ, ಕಿವಿ ಇತ್ತ ಕೊಡಿರಿ. ಈ ಕಾಶಪ್ಪ ನಿಮ್ಮೆದುರು ಒಂದು ಶಪಥ ಮಾಡಲಿದ್ದಾನೆ!

ಎದುರಿಗೆ ಯಾವ ಮಹಾಜನರೂ ಇಲ್ಲ. ಘಾಟ್ಕೋಪರಿನ ಚಾಳಿನ ಒಂದೇ ಖೋಲಿ, ಮೂಲೆಯಲ್ಲಿ ಸ್ಟೋವು, ಗೋಡೆಯ ಮೇಲೆ ಹಲ್ಲಿ. ಶಪಥವನ್ನು ಎದ್ದುನಿಂತು ತೊಡೆ ತಟ್ಟಿಯೇ ಮಾಡಬೇಕೆಂದಿದ್ದೆ. ನನ್ನ ಹೆಂಡತಿ ಚಂದ್ರವ್ವ ಲಟ್ಟಣಿಗೆ ಎತ್ತಿ ತಡೆದಳು.

“ಗ್ವಾಡಿ ಆಚೆ ಮಂದಿ ಅದಾರ್ರೀ. ನಿಮ್ಮ ಅಕ್ಕಾರು ದಿನ ತುಂಬಿದ ಬಿಮ್ಮನಸಿ, ನಿಮ್ಮ ದನೀಗೆ ಬೆಚ್ಚಿ ಬೀಳ್ತಾರ. ಒದರೂದ ಇದ್ರ ಹಾಳಿ ಮ್ಯಾಲ ಒದರ್ರಿ.”

ಆದ್ದರಿಂದ ಹಾಳೆಯ ಮೇಲೆ ಒದರುತ್ತಿದ್ದೇನೆ. ನಾಟಕ ಕಂಪನಿಯಲ್ಲಿ ಖಳನಾಯಕನ ಪಾತ್ರ ಮಾಡಿ ಬೆಳೆದ ಗಂಟಲಿದು. ನಾನು ನಕ್ಕರೆ ಥಿಯೇಟರಿನ ತಗಡು ಅದುರುತ್ತಿತ್ತು. ಕಂಪನಿ ಮುಳುಗಿತು. ಈಗ ಈ ಗಂಟಲಿಗೆ ಕುಟುಂಬ ಯೋಜನೆಯ ಪ್ರಚಾರದ ವ್ಯಾನಿನಲ್ಲಿ ಕೆಲಸ. ಕೆಂಪು ತ್ರಿಕೋನ ಬಳಿದ ವ್ಯಾನು, ತಲೆಯ ಮೇಲೆ ಭೋಂಗಾ, ಒಳಗೆ ಮೈಕು ಹಿಡಿದ ನಾನು. “ದೋ ಯಾ ತೀನ್ ಬಸ್! ಎರಡು ಅಥವಾ ಮೂರು ಸಾಕು!” ಮಕ್ಕಳೇ ಇಲ್ಲದ ಕಾಶಪ್ಪ ಊರಿಗೆಲ್ಲ ಮಕ್ಕಳು ಸಾಕು ಎನ್ನುತ್ತಾನೆ ಎಂದು ಚಾಳಿನವರು ನಗುತ್ತಾರೆ. ನಗಲಿ.

ಅಕ್ಕ ರುದ್ರವ್ವ ನಿನ್ನೆ ಅಂಧೇರಿಯಿಂದ ಬಂದಳು, ಹೆರಿಗೆಗೆ. ಅಪ್ಪ-ಅವ್ವ ಇಲ್ಲದ ಮೇಲೆ ಅವಳಿಗೆ ತವರೆಂದರೆ ಈ ಖೋಲಿಯೇ. ಹೆತ್ತದ್ದು ಆರು, ಉಳಿದದ್ದು ನಾಲ್ಕು, ನಾಲ್ಕೂ ಹೆಣ್ಣು. ಇದು ಏಳನೆಯದು. ಹೋದ ಸಲ ಹೆರಿಗೆಯಾದಾಗ ರಕ್ತ ಹರಿದು ಹರಿದು ಅವಳ ತುಟಿ ಹಾಳೆಯ ಹಾಗೆ ಬೆಳ್ಳಗಾಗಿತ್ತು. “ಮತ್ತೊಂದು ಆದರೆ ಜೀವ ಉಳಿಯುವುದು ಕಷ್ಟ” ಎಂದು ಡಾಕ್ಟರಬಾಯಿ ಆಗಲೇ ಹೇಳಿದ್ದರು. ಅಕ್ಕ ಅವರ ಕೈ ಹಿಡಿದು, “ಆಪರೇಷನ್ ಮಾಡಿಬಿಡ್ರಿ” ಎಂದು ಬೇಡಿಕೊಂಡಿದ್ದಳು. ಗಂಡನ ಸಹಿ ಬೇಕೆಂದರು. ಹೇಳಿಕಳಿಸಿದೆವು. ಗಂಡ ಬಂದದ್ದು ಹದಿಮೂರನೆಯ ದಿನ, ತೊಟ್ಟಿಲಿಗೆ, ಹೋಳಿಗೆ ಉಣ್ಣಲು.

ಕೇಳಿರಿ ಶಪಥ! ಎಲೈ ಶಂಕ್ರೆಪ್ಪಾ! ಅಂಧೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟು ಮೀಸೆ ತಿರುವುವ ನನ್ನ ಭಾವನೇ! ಈ ಸಲ ನಿನ್ನ ಕೈ ಹಿಡಿದು ಸಹಿ ಹಾಕಿಸದೆ, ಆಮೇಲೆ ನಾಲ್ಕು ಜನರೆದುರು ನಿನಗೆ ಮಣ್ಣು ಮುಕ್ಕಿಸದೆ ಬಿಟ್ಟರೆ, ನಾನು ಬಣ್ಣ ಹಚ್ಚಿದ ಮುಖದವನೇ ಅಲ್ಲ!

೭ ಜನವರಿ

ಅಕ್ಕನನ್ನು ಹೆರಿಗೆ ಆಸ್ಪತ್ರೆಗೆ ತೋರಿಸಿಕೊಂಡು ಬಂದೆ. ಅದೇ ಡಾಕ್ಟರಬಾಯಿ. ಹೊಟ್ಟೆ ಮುಟ್ಟಿ ನೋಡಿ ಹುಬ್ಬು ಗಂಟು ಹಾಕಿದರು. ಹೆರಿಗೆಯಾಗಿ ಅಕ್ಕ ಅಲ್ಲೇ ಮಲಗಿರುವಾಗಲೇ ಆಪರೇಷನ್ ಮಾಡಿಬಿಡುವುದು ಸುಲಭವಂತೆ. ಒಮ್ಮೆ ಮನೆಗೆ ಹೋದರೆ ಮತ್ತೆ ಹಾಸಿಗೆ ಸಿಗುವುದು ಯಾವಾಗಲೋ. “ಮೀ ಕರತೇ. ತುಮ್ಹೀ ಸಹೀ ಆಣಾ,” ಎಂದರು. ನಾನು ಮಾಡುತ್ತೇನೆ, ನೀವು ಸಹಿ ತನ್ನಿ.

ಸಹಿಯ ಕಿಟಕಿಯಲ್ಲಿ ಕೂಡುವವನು ಮೋನಪ್ಪ ಎಂಬ ಗುಮಾಸ್ತ. ಮಂಗಳೂರು ಕಡೆಯವನು, ಕನ್ನಡ ಬಲ್ಲವನು ಎಂದು ಖುಷಿಯಾಗಿ ಹೋದೆ.

“ಆಪರೇಷನಿಗೆ ಗಂಡನ ಸಹಿ ಬೇಕು ಮಾರಾಯ್ರೆ. ನಿಮ್ಮದು ಆಗುದಿಲ್ಲ.”

“ನಾ ಆಕಿ ಒಡಹುಟ್ಟಿದ ತಮ್ಮ.”

“ಇರಬಹುದು. ರಕ್ತ ಬೇಕಾದ್ರೆ ನಿಮ್ಮನ್ನು ಕರೀತೇವೆ. ಸಹಿಗೆ ಅವರನ್ನು.”

“ಅಂದ್ರ ರಕ್ತ ನಂದು, ಹೊಟ್ಟಿ ಆಕೀದು, ಅಪ್ಪಣಿ ಅಂವಂದು?”

“ನನ್ನ ಹತ್ರ ಎಂತಕ್ಕೆ ಬೊಬ್ಬೆ ಹಾಕ್ತೀರಿ? ರೂಲು ನಾನು ಬರೆದದ್ದಾ? ಒಳಗೆ ಮಕ್ಕಳು ಮಲಗಿದ್ದಾವೆ.”

ಅಕ್ಕ ಹಿಂದಿನಿಂದ ಮೆಲ್ಲಗೆ, “ನನಗ ಸಹಿ ಬರತೈತ್ರಿ, ನಾನ ಮಾಡ್ತೀನಿ,” ಎಂದಳು. ಮೋನಪ್ಪ ಅವಳ ಮುಖ ನೋಡಲಿಲ್ಲ. “ನಿಮ್ಮದೂ ಬೇಕು ಅಕ್ಕಾ. ಆದ್ರೆ ಅವರದ್ದಿಲ್ಲದೆ ನಿಮ್ಮದು ನಡೆಯುದಿಲ್ಲ.”

ಈ ಮೋನಪ್ಪನನ್ನೂ ನನ್ನ ಸೇಡಿನ ಪಟ್ಟಿಗೆ ಸೇರಿಸಿದ್ದೇನೆ.

ಹೊರಗೆ ಬರುವಾಗ ಮಿಂಚು ಹೊಡೆದ ಹಾಗೆ ಒಂದು ಯೋಚನೆ ಬಂತು. ನಾನು ನಟ! ಒಂದು ರುಮಾಲು, ಒಂದು ಮೀಸೆ. ಮೋನಪ್ಪ ಊಟಕ್ಕೆ ಹೋದಾಗ ಬೇರೆ ಗುಮಾಸ್ತನೆದುರು ನಿಂತು ನಾನೇ ಶಂಕ್ರೆಪ್ಪ ಎಂದರೆ ಯಾರಿಗೆ ಗೊತ್ತು? ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ರುಮಾಲು ಸುತ್ತಿದೆ. “ನಾನು ರುದ್ರವ್ವನ…” ಎಂದೆ. ಮುಂದಿನ ಪದ ಬಾಯಿಗೆ ಬರಲಿಲ್ಲ. ಮತ್ತೆ ಎಂದೆ. ಮತ್ತೆ ಬರಲಿಲ್ಲ. ನಾನು ರಂಗದ ಮೇಲೆ ರಾಜರನ್ನು ಕೊಂದಿದ್ದೇನೆ, ಸತಿಯರ ಸೆರಗಿಗೆ ಕೈ ಹಾಕಿದ್ದೇನೆ, ದೇವರಿಗೆ ಬೈದಿದ್ದೇನೆ. ಒಡಹುಟ್ಟಿದವಳ ಹೆಸರಿನ ಮುಂದೆ ಆ ಒಂದು ಪದ ಸೇರಿಸಲು ನಾಲಿಗೆ ಏಳಲಿಲ್ಲ. ರುಮಾಲು ಬಿಚ್ಚಿಟ್ಟೆ.

೧೧ ಜನವರಿ

ಅವಮಾನ! ಮಹಾಜನರೇ, ಹಾಡುಹಗಲಿನ ಅವಮಾನ!

ದಾದರಿನಲ್ಲಿ ಗಾಡಿ ಬದಲಿಸಿ ಅಂಧೇರಿಗೆ ಹೋದೆ. ಸೌಮ್ಯವಾಗಿಯೇ ಹೋದೆ, ಕೈಯಲ್ಲಿ ಬಾಳೆಹಣ್ಣು, ಬಾಯಲ್ಲಿ ಬೆಲ್ಲ. ಭಾವ ಗಲ್ಲೆಯ ಮೇಲೆ ಕೂತಿದ್ದ. ಒಣಮೆಣಸಿನಕಾಯಿಯ ಘಾಟು, ಜೋಳದ ಚೀಲ, ನಮ್ಮ ಕಡೆಯ ಗಿರಾಕಿಗಳ ಗದ್ದಲ. ವಿಷಯ ಹೇಳಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಮೊದಲೇ ಬಂದು ಒಂದು ಸಹಿ ಮಾಡಿ ಹೋಗಿರಿ ಎಂದು ಕೈ ಮುಗಿದೆ.

“ಏ ಕಾಶಪ್ಪ, ತವರಮನಿಗೆ ಕಳಿಸಿದ ಮ್ಯಾಲ ಬಾಣಂತನ ನಿಂದು. ತೊಟ್ಟಿಲಕ್ಕ ಕರಿ, ಬರ್ತೀನಿ. ಕರೀದ ಹೋಗಾಕ ನಾ ಏನು ಬೀದ್ಯಾಗ ಬಿದ್ದೀನೇನು?”

“ಆಕಿ ಜೀವದ ಮಾತ್ರೀ ಭಾವಾ. ಆಕೀಗೆ ಮಾಡಸೂದು ಬ್ಯಾಡಂದ್ರ ನೀವ ಮಾಡಿಸ್ಕೋರಿ. ಗಂಡಸರದು ಹತ್ತು ಮಿಂಟಿನ ಕೆಲಸ.”

ಭಾವ ಎದ್ದು ನಿಂತ.

“ನಾನೇನು ಎತ್ತೇನೋ, ಕೆಡವಿ ಬೀಜಾ ಒಡಸಾಕ?”

ಅಂಗಡಿ ತುಂಬ ನಗು. ಒಬ್ಬ ಗಿರಾಕಿ ನಗುತ್ತಾ ಜೋಳ ಚೆಲ್ಲಿದ. ಭಾವನಿಗೆ ಜನ ನಕ್ಕಷ್ಟೂ ಹುರುಪು. ನನಗೆ ಆ ರೋಗ ಚೆನ್ನಾಗಿ ಗೊತ್ತು.

“ಕೇಳ್ರೆಪಾ ಎಲ್ಲಾರೂ! ಗಂಡು ಹುಟ್ಟಿದ ದಿನ ಇಂವ ಪೇಡೆ ತರಲಿ. ಎಲ್ಲಿ ಅಂದ್ರ ಅಲ್ಲಿ ಬಂದು ಸಹಿ ಒಗೀತೀನಿ. ಬರ್ಫಿ ತಂದ್ರ ನನ್ನ ಮೆಟ್ಟಲಾ ಹತ್ತಬಾರದು, ತಿಳೀತ?”

ಗಂಡು ಹುಟ್ಟಿದರೆ ಪೇಡೆ, ಹೆಣ್ಣಾದರೆ ಬರ್ಫಿ: ಈ ಮುಂಬಯಿಯ ರೂಢಿಯನ್ನು ನಮ್ಮವರು ಎಷ್ಟು ಬೇಗ ಕಲಿತರು! ಬಾಳೆಹಣ್ಣನ್ನು ಅಲ್ಲೇ ತಕ್ಕಡಿಯಲ್ಲಿಟ್ಟು ಬಂದೆ. ಲೋಕಲ್ಲಿನಲ್ಲಿ ನಿಂತು ಹಲ್ಲು ಕಡಿದ ಸದ್ದಿಗೆ ಪಕ್ಕದವನು ಸರಿದು ನಿಂತ.

ಶಂಕ್ರೆಪ್ಪಾ, ನಿನ್ನ ಮಾತಿಗೆ ನಿನ್ನ ಗಿರಾಕಿಗಳೇ ಸಾಕ್ಷಿ. ನೆನಪಿರಲಿ.

೧೩ ಜನವರಿ

ಕೆಲಸಕ್ಕೆ ಹೋದೆ. ವ್ಯಾನು ಓಡಿಸುವವನು ಪೀರಸಾಬ, ವಿಜಾಪುರದ ಕಡೆಯವನು, ಕನ್ನಡ ಮಾತಿಗೆ ದಖನಿ ಬೆರೆಸಿ ಬೈಯುವವನು. ಝೋಪಡಪಟ್ಟಿಯ ಬಾಯಲ್ಲಿ ನಿಲ್ಲಿಸಿ ನಾನು ಎಂದಿನಂತೆ ಗರ್ಜಿಸುತ್ತಿದ್ದೆ. ಕೊಡ ಹೊತ್ತ ಒಬ್ಬ ಹೆಣ್ಣುಮಗಳು ಕಿಟಕಿಯ ಹತ್ತಿರ ಬಂದು ಕೇಳಿದಳು: “ಮೈಕಿನವರ, ಸಾಕು ಅಂತ ನನಗ ಯಾಕ ಹೇಳ್ತೀರಿ? ನನಗ ಯಾವಾಗೋ ಸಾಕಾಗೇತಿ. ಸಹಿ ಮಾಡಾಂವ ಪುಣೆದಾಗ ಅದಾನು. ಅಲ್ಲಿ ಹೋಗಿ ಒದರ್ರಿ.”

ಮೈಕು ಕೆಟ್ಟಿದೆ ಎಂದು ಪೀರಸಾಬನಿಗೆ ಹೇಳಿದೆ. ಕೆಟ್ಟಿರಲಿಲ್ಲ. ಇಂಥ ಮಾತಿಗೆ ಉತ್ತರ ಬರೆದುಕೊಟ್ಟಿಲ್ಲ, ಅದಕ್ಕೆ.

೧೫ ಜನವರಿ

ಹೆಣ್ಣು.

ರಕ್ತ ನಿಲ್ಲಲಿಲ್ಲ. ನನ್ನನ್ನು ಕರೆದರು, ಕೊಟ್ಟೆ. ಚಂದ್ರವ್ವ ಬಾಗಿಲಲ್ಲಿ ಕೂತು ದೇವರ ಹೆಸರೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಇಳಿಹೊತ್ತಿಗೆ ಡಾಕ್ಟರಬಾಯಿ ಹೊರಗೆ ಬಂದು, “ಉಳಿದಳು. ಇನ್ನೊಮ್ಮೆ ಉಳಿಸುತ್ತೇನೆಂದು ನಾನು ಮಾತು ಕೊಡಲಾರೆ,” ಎಂದರು. ನಾಡಿದ್ದು ಬೆಳಿಗ್ಗೆ ಮಾಡಬಹುದು, ನಾಳೆ ಸಹಿ ಬೇಕು.

ಅಕ್ಕನ ಕೈ ತಣ್ಣಗಿತ್ತು. “ಕಾಶ್ಯಾ, ಅವರು ಬರ್ತಾರೇನೋ?” ಎಂದಳು.

ಬರುತ್ತಾರಕ್ಕಾ. ಬಂದೇ ಬರುತ್ತಾರೆ.

೧೬ ಜನವರಿ

ಮಹಾಜನರೇ! ಇಂದು ನಿಮ್ಮ ಕಾಶಪ್ಪ ಆಡಿದ ಆಟ ಯಾವ ಕಂಪನಿಯೂ ಆಡಿಲ್ಲ! ಚಪ್ಪಾಳೆ ಕೊನೆಗಿರಲಿ, ಮೊದಲು ಕೇಳಿರಿ.

ಬೆಳಿಗ್ಗೆ ಸ್ಟೇಶನ್ನಿನ ಹತ್ತಿರದ ಒಂದೇ ಮಿಠಾಯಿ ಅಂಗಡಿಯಲ್ಲಿ ಎರಡು ಪೆಟ್ಟಿಗೆ ಕಟ್ಟಿಸಿದೆ. ಬರ್ಫಿಯನ್ನು ಚಂದ್ರವ್ವನ ಕೈಗಿಟ್ಟೆ, ಆಸ್ಪತ್ರೆಯಲ್ಲಿ ಹಂಚಲು. ಪೇಡೆಯನ್ನು ಬಗಲಲ್ಲಿಟ್ಟುಕೊಂಡು ನಾನು ಅಂಧೇರಿಗೆ ಹೊರಟೆ. ಚಂದ್ರವ್ವ ನನ್ನ ಪೆಟ್ಟಿಗೆ ನೋಡಿದಳು, ನನ್ನ ಮುಖ ನೋಡಿದಳು. “ಏನರ ಮಾಡ್ರಿ, ಸಹಿ ತರ್ರಿ,” ಎಂದಳು.

ಅಂಗಡಿ ತುಂಬುವವರೆಗೆ ಎದುರಿನ ಕಂಬದ ಹತ್ತಿರ ಕಾದೆ. ಪ್ರವೇಶಕ್ಕೆ ಹೊತ್ತು ಗೊತ್ತಿರಬೇಕು. ಆಮೇಲೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ, ಹೊಟ್ಟೆಯಿಂದ ದನಿ ತೆಗೆದೆ:

“ಪೇಡೇ…!”

ಒಂದೇ ಪದ. ಭಾವ ಗಲ್ಲೆಯಿಂದ ಜಿಗಿದ. ಅವನ ಧೋತ್ರದ ಚುಂಗು ಎಣ್ಣೆಯ ಡಬ್ಬಿಗೆ ಸಿಕ್ಕಿ ಡಬ್ಬಿಯೂ ಜೊತೆಗೆ ಬಂತು. ಪೇಡೆ ಬಾಯಿಗೆ ಹಾಕಿಕೊಂಡು, “ಧಾರವಾಡದ ರುಚಿ ಇಲ್ಲ,” ಎಂದ. ಇನ್ನೊಂದು ಹಾಕಿಕೊಂಡ. ಕಣ್ಣಲ್ಲಿ ನೀರು. ನಿಜದ ನೀರು. ಒಂದು ಗಳಿಗೆ ನನಗೆ ಏನೋ ಆಯಿತು. ಹೆಂಡತಿ ಹೇಗಿದ್ದಾಳೆಂದು ಕೇಳುತ್ತಾನೆಂದು ಕಾದೆ. ಕೇಳಲಿಲ್ಲ. ಆ ಏನೋ ಹೊರಟುಹೋಯಿತು.

“ಈಗ ನಡೀರಿ ಭಾವಾ, ಸಹಿ. ನಾಲ್ಕು ಮಂದಿ ಮುಂದ ಆಡಿದ ಮಾತು.”

ಅವನು ಮೀಸೆ ಒರೆಸಿಕೊಂಡ. “ಅವಸರ ಯಾಕ? ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗ ಅಲ್ಲ. ಇನ್ನೊಂದು ಆಗಲಿ, ಆಮ್ಯಾಲ ನೋಡೂನು.”

ರಂಗದ ಮೇಲೆ ಎದುರಿನವನು ಇಲ್ಲದ ಮಾತು ಆಡಿದರೆ ನಟ ಏನು ಮಾಡಬೇಕು? ನಿಲ್ಲಬಾರದು! ನಿಂತರೆ ಸತ್ತ! ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು:

“ಒಬ್ಬ ಅಂತ ಯಾರು ಹೇಳಿದ್ರು? ಜವಳೀ ಭಾವಾ, ಜವಳಿ! ಇಬ್ಬರು! ಎರಡು ಕಣ್ಣು!”

ಅಂಗಡಿ ಹೋ ಎಂದಿತು. ಮೊನ್ನೆ ಜೋಳ ಚೆಲ್ಲಿದ ಗಿರಾಕಿಯೇ ಭಾವನ ಬೆನ್ನಿಗೆ ಗುದ್ದಿ, “ಎರಡು ಕಣ್ಣು ಬಂದ್ವಲ್ಲೋ ಶಂಕ್ರೆಪ್ಪಾ, ಈಗ ಸಹಿ ಒಗಿ! ಮಾತಂದ್ರ ಮಾತು!” ಎಂದ. ತನ್ನ ನಗುವ ಜನವೇ ತನ್ನನ್ನು ದೂಡಿಕೊಂಡು ಸ್ಟೇಶನ್ನಿಗೆ ತಂದುಬಿಟ್ಟರೆ ಪಾಪ, ಅವನಾದರೂ ಏನು ಮಾಡಿಯಾನು?

ದಾದರಿನಲ್ಲಿ ಗಾಡಿ ಬದಲಿಸುವಾಗ, “ಮಕ್ಕಳ ಮುಖ ನೋಡ್ಬೇಕು,” ಎಂದ. ಮುಖ ಗಂಭೀರ ಮಾಡಿ, “ಹೇಳಬಾರದಂತ ಸುಮ್ಮನಿದ್ದೆ. ಮೂಲಾ ನಕ್ಷತ್ರ, ಮೊದಲನೇ ಪಾದ. ಇಬ್ಬರಿಗೂ. ತೊಟ್ಟಿಲ ದಿನ ಶಾಂತಿ ಆಗೂತನ ತಂದಿ ಮುಖ ನೋಡಿದ್ರ ತಂದೀಗೇ ಗಂಡಾಂತರ ಅಂತಾರ್ರೀ ಅಯ್ಯನವರು,” ಎಂದೆ. ಬೆವರೊರೆಸಿಕೊಂಡ. ಆಸ್ಪತ್ರೆಯ ಗೇಟಿನಿಂದ ವಾರ್ಡಿನ ಕಡೆ ಬೆನ್ನು ಮಾಡಿಕೊಂಡೇ ನಡೆದ, ಎಲ್ಲಿ ಮಗು ಕಣ್ಣಿಗೆ ಬಿದ್ದೀತೋ ಎಂದು.

ಕಿಟಕಿಯಲ್ಲಿ ಮೋನಪ್ಪ. ಅವನ ಮೇಜಿನ ಮೇಲೆ ಚಂದ್ರವ್ವ ಕೊಟ್ಟ ಬರ್ಫಿ, ಅರ್ಧ ತಿಂದದ್ದು. ನನ್ನ ಕೈಯಲ್ಲಿ ಪೇಡೆಯ ಪೆಟ್ಟಿಗೆ. ಅವನು ಅದನ್ನು ನೋಡಿದ, ಇದನ್ನು ನೋಡಿದ.

“ಸಾಹೇಬರ,” ಎಂದ ಭಾವ, “ಎರಡೂ ಆರಾಮ ಅದಾವೇನ್ರಿ?”

ಮೋನಪ್ಪ ಬಹಳ ಹೊತ್ತು ನನ್ನನ್ನೇ ನೋಡಿದ. ಜನ್ಮದಲ್ಲಿ ಯಾವ ಪ್ರೇಕ್ಷಕನೂ ನನ್ನನ್ನು ಹಾಗೆ ನೋಡಿಲ್ಲ. ಆಮೇಲೆ ಬರ್ಫಿಯ ಮೇಲೆ ಒಂದು ಕಾಗದ ಮುಚ್ಚಿದ.

“ಎರಡೂ ಆರಾಮ. ಇಲ್ಲಿ ಸಹಿ ಮಾಡಿ.”

ಮಾಡಿದ! ಮೀಸೆ ತಿರುವಿ, ಬಾಲ ಎಳೆದು, ಸಹಿ ಮಾಡಿದ! ಹೆಂಡತಿಗೆ ಒಂದು ಮಾತು ಹೇಳಿಕಳಿಸದೆ, ಬಂದ ದಾರಿಯಲ್ಲೇ ಹೊರಟುಹೋದ. ಅವನು ಮರೆಯಾದ ಮೇಲೆ ಮೋನಪ್ಪ ಹೇಳಿದ: “ನಾನು ಸುಳ್ಳು ಹೇಳಲಿಲ್ಲ ಮಾರಾಯ್ರೆ. ತಾಯಿ ಒಂದು, ಮಗು ಒಂದು. ಎರಡೂ ಆರಾಮ.”

ಇವನನ್ನು ಸೇಡಿನ ಪಟ್ಟಿಯಿಂದ ತೆಗೆದಿದ್ದೇನೆ.

೧೭ ಜನವರಿ

ಆಯಿತು. ಅಕ್ಕ ಎಚ್ಚರವಾದಳು. “ಅವರು ಬಂದಿದ್ರಂತಲ್ಲ? ನನ್ನ ಸಲುವಾಗಿ ಅಷ್ಟು ದೂರ ಬಂದು ಸಹಿ ಮಾಡಿದ್ರ?” ಎಂದಳು. ಅವಳ ಮುಖದ ಮೇಲೆ ಅಂಥ ಬೆಳಕು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಹೂಂ ಎಂದೆ. ಬರೆಯಲು ಮತ್ತೇನಿಲ್ಲ.

೨೦ ಜನವರಿ

ಇನ್ನು ಎರಡನೆಯ ಅಂಕ! ಸಹಿಯಾಯಿತು, ಈಗ ಮಣ್ಣು ಮುಕ್ಕಿಸುವ ದೃಶ್ಯ.

ಭಾವ ಅಂಧೇರಿಯ ತುಂಬ ಪೇಡೆ ಹಂಚಿದ್ದಾನಂತೆ. ಹಂಚಲಿ! ಎಷ್ಟು ಹಂಚುತ್ತಾನೋ ಅಷ್ಟು ಎತ್ತರದಿಂದ ಬೀಳುತ್ತಾನೆ. ಇಪ್ಪತ್ತೇಳಕ್ಕೆ ನಮ್ಮ ಚಾಳಿನಲ್ಲಿ ತೊಟ್ಟಿಲು. ಅವನು ಬಳಗ ಕಟ್ಟಿಕೊಂಡು ಬರುತ್ತಾನೆ. ಅಂಗಳದಲ್ಲಿ ಪೀರಸಾಬನ ವ್ಯಾನು ನಿಂತಿರುತ್ತದೆ. ತೊಟ್ಟಿಲಿಗೆ ಪರದೆ. ಪರದೆ ಸರಿದ ಕೂಡಲೇ ಭೋಂಗಾದಲ್ಲಿ ನನ್ನ ದನಿ! ಮೂರು ಪುಟದ ಭಾಷಣ ಬರೆದಿದ್ದೇನೆ. “ಎಲೈ ನರಾಧಮನೇ, ನಿನ್ನ ವಂಶವೃಕ್ಷದ ಬೇರಿಗೆ ನೀನೇ ನಿನ್ನ ಕೈಯಾರೆ ಕೊಡಲಿ ಹಾಕಿಕೊಂಡೆ!” ಎಂದು ಶುರು. ಓದಿಕೊಂಡಾಗ ನನಗೇ ರೋಮ ಎದ್ದವು.

ಪೀರಸಾಬನಿಗೆ ಓದಿ ಹೇಳಿದೆ. ಅವನು ಸ್ಟೀರಿಂಗಿನ ಮೇಲೆ ಗದ್ದ ಇಟ್ಟು ಕೇಳಿದ.

“ಝಕಾಸ್ ಐತಿ ಯಾರ್. ಒಂದು ಮಾತು. ಅಂವ ಸಿಟ್ಟಿಗೆದ್ದು ಯಾರನ್ನ ಹೊಡೀತಾನು? ನಿನ್ನೋ, ನಿಮ್ಮ ಅಕ್ಕನ್ನೋ?”

“ನನ್ನ ಮೈ ಮುಟ್ಟಲಿ ನೋಡೂನು!”

“ಅದನ್ನ ಕೇಳಿದ್ನಿ. ಆ ನಾಲ್ಕು ಹುಡಿಗ್ಯಾರು ಯಾರ ಮನ್ಯಾಗ ಅದಾವು ಈಗ?”

ಅಂಧೇರಿಯಲ್ಲಿ, ಅವರ ಅಜ್ಜಿಯ ಹತ್ತಿರ. ಪೀರಸಾಬನಿಗೆ ರಂಗದ ಜ್ಞಾನವಿಲ್ಲ. ಆದರೂ ಮಾತು ಮುಳ್ಳಿನ ಹಾಗೆ ಕೂತಿದೆ.

೨೪ ಜನವರಿ

ಅಕ್ಕ ಮನೆಗೆ ಬಂದಳು. ಮಧ್ಯಾಹ್ನ ಪೀರಸಾಬ ಒಂದು ಸಣ್ಣ ಪೊಟ್ಟಣ ತಂದುಕೊಟ್ಟ. ವ್ಯಾನು ಅಂಧೇರಿಯಲ್ಲಿ ನಿಂತಾಗ ಶಂಕ್ರೆಪ್ಪ ಕೊಟ್ಟು ಕಳಿಸಿದ್ದಂತೆ. ನಾನು ತಡೆಯುವ ಮೊದಲೇ ಅಕ್ಕ ಬಿಚ್ಚಿದಳು.

ಎರಡು ಬೆಳ್ಳಿಯ ಉಡದಾರ. ಗಂಡುಮಕ್ಕಳ ನಡುವಿಗೆ ಕಟ್ಟುವ ಹೊಸ ಬೆಳ್ಳಿ, ಗುಂಡಿಯ ಸಮೇತ.

ಅವಳು ಒಂದನ್ನು ಎತ್ತಿ ನೋಡಿದಳು. ಇನ್ನೊಂದನ್ನು ಎತ್ತಿ ನೋಡಿದಳು. ಚಾಪೆಯ ಮೇಲೆ ಮಲಗಿದ ಕೂಸನ್ನು ನೋಡಿದಳು. ಆಮೇಲೆ ನನ್ನನ್ನು. ಹೇಳಿದೆ. ಪೇಡೆ, ಜವಳಿ, ಮೂಲಾ ನಕ್ಷತ್ರ, ಎಲ್ಲ.

ನಕ್ಕಳು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎಣ್ಣಿ ಡಬ್ಬಿ ಸುದ್ದಾ ಬಂತ?” ಎಂದು ಮತ್ತೆ ನಕ್ಕಳು. ಚಂದ್ರವ್ವನೂ ನಕ್ಕಳು. ನಾನು ಇನ್ನೇನು ದೃಶ್ಯ ಗೆದ್ದೆ ಎನ್ನುವಾಗ ಅವಳ ನಗು ನಿಂತಿತು.

“ನಾಲ್ಕು ಹೆಣ್ಣು ಹಡದು ಉಳಿಸ್ಕೊಂಡೆ. ನಾಲ್ಕಕ್ಕೂ ಒಂದು ತಗಡು ಬರಲಿಲ್ಲ. ಹುಟ್ಟದ ಗಂಡಿಗೆ ಬೆಳ್ಳಿ ಬಂತು.”

“ಅದಕ್ಕ ಸೇಡು ತೀರಸ್ತೀನಿ ಅಕ್ಕಾ…”

“ನೀ ಅವರಿಗೆ ಹೇಳಿದ ಸುಳ್ಳಿಗೆ ನನಗ ಸಿಟ್ಟಿಲ್ಲ ಕಾಶ್ಯಾ. ನನಗ್ಯಾಕ ಹೂಂ ಅಂದಿ? ನನ್ನ ಜೀವಾ ಉಳೀಲಿ ಅಂತ ಬಂದಾರ ಅಂದಕೊಂಡು ಇಷ್ಟು ದಿವಸ ಮೈ ಹಗುರ ಮಾಡ್ಕೊಂಡು ಮಲಗಿದ್ನೆಲ್ಲೋ.”

ಗೋಡೆಗೆ ಮುಖ ಮಾಡಿ ಮಲಗಿದಳು.

೨೫ ಜನವರಿ

ಅಕ್ಕ ಇಡೀ ದಿನ ಗೋಡೆಯ ಕಡೆ ಮುಖ ಮಾಡಿಯೇ ಇದ್ದಳು. ಇಳಿಹೊತ್ತಿಗೆ, “ಆ ಭಾಷಣ ಕೊಡು,” ಎಂದಳು. ಕೊಟ್ಟೆ. ಕೂಸಿಗೆ ಹಾಲು ಕೊಡುತ್ತಾ ಮೂರೂ ಪುಟ ಓದಿದಳು.

ಇದನ್ನು ಇಲ್ಲಿ ಬರೆಯಬೇಕು. ನಮ್ಮಪ್ಪ ಕಂಪನಿಯಲ್ಲಿ ಪರದೆ ಎಳೆಯುವವನು. ಅವನ ಕಾಲ ಬುಡದಲ್ಲಿ, ಪರದೆಯ ಮರೆಯಲ್ಲಿ ಕೂತು ಬೆಳೆದವರು ನಾವಿಬ್ಬರು. ನಾನು ಏಳು ವರ್ಷಕ್ಕೆ ಬಣ್ಣ ಹಚ್ಚಿದೆ. ಅಕ್ಕ ಹಚ್ಚಲಿಲ್ಲ. ಆದರೆ ನನಗೆ ಮಾತು ಮರೆತಾಗ ಮರೆಯಿಂದ ಎತ್ತಿಕೊಡುತ್ತಿದ್ದವಳು ಅವಳೇ. ನನ್ನದಷ್ಟೇ ಅಲ್ಲ, ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಹದಿನಾಲ್ಕಕ್ಕೆ ಮದುವೆ ಮಾಡಿದರು. ಆ ವರ್ಷ ನಾನು ರಂಗದ ಮೇಲೆ ಬಹಳ ತಡವರಿಸಿದೆ.

ಓದಿ ಮುಗಿಸಿ ಕೇಳಿದಳು: “ಇದರಾಗ ನಾ ಎಲ್ಲಿದ್ದೀನಿ?”

ತೋರಿಸಿದೆ. ಎರಡನೆಯ ಪುಟದಲ್ಲಿ “ಅಬಲೆ” ಎಂದಿದೆ. ಮೂರನೆಯದರಲ್ಲಿ “ಆ ಅಬಲೆ” ಎಂದಿದೆ.

“ನನಗ ಮಾತ ಇಲ್ಲೇನು ಈ ನಾಟಕದಾಗ?”

ಹಾಳೆಗಳನ್ನು ಮಡಚಿ ಕೂಸಿನ ಕೆಳಗೆ ಹಾಸಿದಳು. ಕೂಸು ಒಡನೆ ತನ್ನ ಅಭಿಪ್ರಾಯ ತಿಳಿಸಿತು. ಚಂದ್ರವ್ವ ಸೆರಗು ಬಾಯಿಗಿಟ್ಟುಕೊಂಡಳು.

ಆಮೇಲೆ ಅಕ್ಕ ಒಂದೊಂದಾಗಿ ಹೇಳಿದಳು. ಪೀರಸಾಬ ನಾಳೆ ಅಂಧೇರಿಗೆ ಹೋಗಿ ಹೇಳಬೇಕು: ತಮ್ಮಂದಿರ ತೊಟ್ಟಿಲಿಗೆ ಅಕ್ಕಂದಿರು ನಾಲ್ವರೂ ಹೊಸ ಲಂಗ ಉಟ್ಟು ಬರಲೇಬೇಕು, ಇಲ್ಲದಿದ್ದರೆ ಶಾಂತಿ ಸಲ್ಲುವುದಿಲ್ಲ. ಅವರು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆಯೇ ಪರದೆ. ಭೋಂಗಾ ಬೇಡ.

“ನನ್ನ ದನಿ ಮೈಕಿನಷ್ಟು ದೊಡ್ಡದಲ್ಲ. ಅವರು ಬಗ್ಗಿ ಕೇಳಲಿ.”

“ಆಮ್ಯಾಲ ಅಂವ ಕರಕೊಂಡು ಹೋಗಲಿಲ್ಲಂದ್ರ?” ಎಂದೆ.

ಉತ್ತರ ಕೊಟ್ಟವಳು ಚಂದ್ರವ್ವ. ಸ್ಟೋವಿನ ಕಡೆಯಿಂದ ತಿರುಗದೆಯೇ ಹೇಳಿದಳು: “ಐದು ಹುಡಿಗ್ಯಾರು ಅಡ್ಡ ಮಲಗಿದ್ರ ಈ ಖೋಲಿ ಸಾಕಾಗತೈತಿ. ನಾ ಆಗಲೇ ಚಾಪಿ ಹಾಸಿ ನೋಡೀನಿ.”

೨೬ ಜನವರಿ

ರಜೆ. ಅಂಗಳದಲ್ಲಿ ಬಾವುಟ, ಯಾರದೋ ಭೋಂಗಾದಲ್ಲಿ ಹಾಡು.

ಪೀರಸಾಬ ಬಂದು ಹೇಳಿದ: ಶಂಕ್ರೆಪ್ಪ ಒಪ್ಪಿದ್ದಾನೆ. ನಾಲ್ವರಿಗೂ ಲಂಗ ಹೊಲಿಸಿದ್ದಾನೆ. ತನ್ನ ಕಡೆಯ ಹಿರಿಯರು, ಜೋಳ ಚೆಲ್ಲಿದ ಆ ಗಿರಾಕಿ, ಎಲ್ಲರನ್ನೂ ಕರೆತರುತ್ತಾನೆ. ಅವನ ತಾಯಿ ಎರಡು ಕುಲಾಯಿ ಹೊಲಿದಿದ್ದಾಳೆ. ಬರಲಿ, ಎಲ್ಲರೂ ಬರಲಿ! ಅಂಗಡಿ ತುಂಬ ನಕ್ಕವರೆಲ್ಲ ಬರಲಿ!

ಚಂದ್ರವ್ವನ ಹಸಿರು ಸೀರೆಯನ್ನು ತೊಟ್ಟಿಲ ಮುಂದೆ ಪರದೆ ಕಟ್ಟಿದೆ. ಹಗ್ಗ ಸಲೀಸಾಗಿ ಓಡಬೇಕೆಂದು ಕೊಬ್ಬರಿ ಎಣ್ಣೆ ಸವರಿದೆ. ಅಪ್ಪ ಹೀಗೆಯೇ ಸವರುತ್ತಿದ್ದ. ಅಕ್ಕ ಕೂತಲ್ಲಿಂದಲೇ ನೋಡಿ, “ಎಡಕ್ಕ ಸ್ವಲ್ಪ ಜಗ್ಗು,” ಎಂದಳು. ಜಗ್ಗಿದೆ.

ತಾಲೀಮು ಮಾಡೋಣವೇ ಎಂದು ಕೇಳಿದೆ. ಬೇಡವೆಂದಳು. ಏನು ಹೇಳುತ್ತಾಳೆಂದು ಕೇಳಿದೆ. ಎರಡು ಉಡದಾರಗಳನ್ನು ತೋರಿಸಿ, “ಇವು ನನ್ನ ಕೈಯಾಗ ಇರ್ತಾವು. ಅವರಿಗೆ ತೋರಿಸಿ ಕೇಳ್ತೀನಿ. ಕೇಳಾದು ಆದ ಮ್ಯಾಲ ಕರಗಿಸಿ ಗೆಜ್ಜಿ ಮಾಡಸೂದು, ಐದೂ ಮಂದೀಗೆ,” ಎಂದಷ್ಟೇ ಹೇಳಿದಳು. ಅವಳ ದನಿ ಸಣ್ಣಗಿತ್ತು. ಇಷ್ಟು ವರ್ಷ ಖಳನಾಯಕನಾಗಿ ಕೂಗಿ ಕೂಗಿ ನನಗೆ ಬಾರದ ದನಿ ಅದು.

ಶಂಕ್ರೆಪ್ಪಾ, ಇಂದು ಸುಖವಾಗಿ ನಿದ್ದೆ ಮಾಡು.

ನಾಳೆ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು, ನಾಲ್ವರೂ ಹುಡುಗಿಯರು ಒಳಗೆ ಬರುವವರೆಗೆ ಬಾಗಿಲಲ್ಲಿ ನಿಲ್ಲುತ್ತೇನೆ. ಆಮೇಲೆ ತೊಟ್ಟಿಲ ಹಿಂದೆ, ಪರದೆಯ ಮರೆಗೆ ಹೋಗಿ ಕೂಡುತ್ತೇನೆ. ಅಲ್ಲಿಂದ ಅವನ ಮುಖ ನನಗೆ ಕಾಣುವುದಿಲ್ಲ. ಇರಲಿ, ಅವಳಿಗೆ ಕಾಣುತ್ತದೆ. ಅವಳಿಗೆ ಮಾತು ಮರೆತರೆ ಎತ್ತಿಕೊಡುತ್ತೇನೆ, ಮರೆಯುವವಳಲ್ಲ. ಅವಳು ಕೈ ಎತ್ತಿದಾಗ, ಹಗ್ಗ ಎಳೆಯುತ್ತೇನೆ.